ಗಾಳಿಕೊಳವೆಯ ಬಿಸಿ: ಜಾಹೀರಾತಿನ ಅರ್ಧ ಲೆಕ್ಕ

ಕಾರಿನ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯನ್ನು ಬದಲಿಸಬೇಕೆಂದಿದ್ದೀರಾ? ಅಲ್ಯುಮಿನಿಯಂ ಬಿಸಿ ಹೀರುತ್ತದೆ, ಪ್ಲಾಸ್ಟಿಕ್ ಹೀರದು ಎನ್ನುವ ಜಾಹೀರಾತುಗಳನ್ನು ನೀವು ನೋಡಿರಬಹುದು. ಅಲ್ಯುಮಿನಿಯಂನ ಉಷ್ಣವಾಹಕತೆ ಪ್ಲಾಸ್ಟಿಕ್‌ಗಿಂತ ಸುಮಾರು ಸಾವಿರ ಪಟ್ಟು ಹೆಚ್ಚೆಂಬುದು ನಿಜವೇ. ಆದರೆ ಈ ವಾದ ಗಾಳಿಯ ವೇಗವನ್ನು ಮರೆತಿದೆ.

ಲೆಕ್ಕ ಹಾಕಿ ನೋಡಿ. 1.5 ಲೀಟರ್‌ನ ನಾಲ್ಕು ಸ್ಟ್ರೋಕ್ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದರೆ, ಸೆಕೆಂಡಿಗೆ ಸುಮಾರು 35 ಲೀಟರ್ ಗಾಳಿ ಎಳೆಯುತ್ತದೆ. 6 ಸೆಂ.ಮೀ. ವ್ಯಾಸದ, ಅರ್ಧ ಮೀಟರ್ ಉದ್ದದ ಕೊಳವೆಯನ್ನು ಆ ಗಾಳಿ ದಾಟಲು 0.04 ಸೆಕೆಂಡ್ ಸಾಕು. ಒಳಗೋಡೆ 40 ಡಿಗ್ರಿ ಹೆಚ್ಚು ಬಿಸಿಯಿದ್ದರೂ ಗಾಳಿಯ ಉಷ್ಣತೆ ಏರುವುದು ನಾಲ್ಕೈದು ಡಿಗ್ರಿ ಮಾತ್ರ.

ದೊಡ್ಡ ನಷ್ಟ ಬೇರೆಡೆ ಇದೆ. ‘ತಂಪು ಗಾಳಿ’ಯ ಹೆಸರಿನಲ್ಲಿ ಮಾರುವ ಎಷ್ಟೋ ಕಿಟ್‌ಗಳ ತೆರೆದ ಫಿಲ್ಟರ್ ಬಾನೆಟ್ಟಿನ ಅಡಿಯಲ್ಲೇ ಕೂರುತ್ತದೆ (ಹೆಸರಿಡಲು ಖರ್ಚೇನಿಲ್ಲ!). 30 ಡಿಗ್ರಿಯ ಹೊರಗಾಳಿಯ ಬದಲು ಅಲ್ಲಿನ 60 ಡಿಗ್ರಿಯ ಗಾಳಿ ಎಳೆದರೆ ಸಾಂದ್ರತೆ ಶೇ. 9ರಷ್ಟು ಕಡಿಮೆ, ಎಂಜಿನ್ನಿನ ಶಕ್ತಿಯೂ ಕುಂದುತ್ತದೆ. ಕಾರಿನೊಂದಿಗೇ ಬಂದ ಪ್ಲಾಸ್ಟಿಕ್ ಕೊಳವೆಯ ಬಾಯಿ ಸಾಮಾನ್ಯವಾಗಿ ಮುಂಭಾಗದ ಜಾಲರಿಯ ಬಳಿಯೇ ಇರುತ್ತದೆ. ಅಂಗಡಿಗೆ ಹೋಗುವ ಮುನ್ನ ಬಾನೆಟ್ ಎತ್ತಿ ಅದನ್ನೊಮ್ಮೆ ನೋಡಿ.

ಸಿಗ್ನಲ್ಲಿನಲ್ಲಿ ನಿಂತಾಗ ಗಾಳಿಯ ಹರಿವು ನಿಧಾನ, ಲೋಹದ ಕೊಳವೆ ಕಾಯುತ್ತದೆ. ಆಗ ಈ ಆತಂಕ ಸರಿಯೇ. ಆದರೆ ನಿಂತ ಕಾರಿಗೆ ಹೆಚ್ಚಿನ ಶಕ್ತಿ ಬೇಕಿಲ್ಲ.