ಕೃಷ್ಣನ ಪಾರ್ಟು ಕಪ್ಪಗಿದ್ದವನಿಗೆ ಯಾಕಿಲ್ಲ?

ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಹಾರ್ಮೋನಿಯಂ ಸದ್ದು ಏಳುತ್ತದೆ. ದೇವಸ್ಥಾನದ ಪಡಸಾಲೆಯಲ್ಲೋ ಶಾಲೆ ಜಗಲಿಯಲ್ಲೋ ರಾತ್ರಿ ಪ್ರಾಕ್ಟೀಸು. ಜಾತ್ರೆ ಹೊತ್ತಿಗೆ ‘ಕುರುಕ್ಷೇತ್ರ’ ಇಲ್ಲವೇ ‘ಶನಿಪ್ರಭಾವ’, ಬೆಳಗಾಗುವ ತನಕ. ಯಾವ ಹಾಡಿಗೆ ಒನ್ಸ್ ಮೋರ್ ಬಿತ್ತು ಎಂದು ಲೆಕ್ಕ ಇಡುವ ರಸಿಕರು ಬೇಕಾದಷ್ಟಿದ್ದಾರೆ. ನನ್ನ ಕಣ್ಣು ಮಾತ್ರ ಅದಕ್ಕೂ ಮುಂಚಿನ ಒಂದು ದಿನದ ಮೇಲೆ, ಪಾರ್ಟು ಹಂಚುವ ದಿನದ ಮೇಲೆ.

ಸೀನರಿ, ಡ್ರೆಸ್ಸು, ಮೈಕು, ಮೇಷ್ಟ್ರ ಸಂಭಾವನೆ, ಹೊರಗಿನಿಂದ ಕರೆಸುವ ಸ್ತ್ರೀಪಾತ್ರದವರ ಖರ್ಚು, ಎಲ್ಲವನ್ನೂ ಪಾತ್ರಧಾರಿಗಳೇ ಹೊರಬೇಕು. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು ದುಡ್ಡು. ಶಕುನಿಗೆ, ವಿದುರನಿಗೆ ಕಡಿಮೆ. ಇಬ್ಬರು ಪಟ್ಟು ಬಿಡದಿದ್ದರೆ ಕೃಷ್ಣನನ್ನೇ ಎರಡು ಪಾಲು ಮಾಡಿ, ರಾತ್ರಿಗೊಬ್ಬ, ಬೆಳಗಿನ ಜಾವಕ್ಕೊಬ್ಬ ಎಂದು ತೀರ್ಮಾನ. ಪೇಟೆಯ ರಂಗಾಸಕ್ತರಿಗೆ ಇದು ನಗೆಪಾಟಲು. ನನಗೆ ಹಾಗನ್ನಿಸುವುದಿಲ್ಲ. ಸಿನಿಮಾದಲ್ಲಿ ಮುಖ ನೋಡಿ ಪಾತ್ರ ಕೊಡುತ್ತಾರೆ, ಕೊಟ್ಟದ್ದೇ ಜನ್ಮಕ್ಕಂಟುತ್ತದೆ. ಇಲ್ಲಿ ವರ್ಷವೆಲ್ಲ ಇನ್ನೊಬ್ಬರ ಮಾತು ಕೇಳಿ ದುಡಿದವನೂ ಸಾಲಸೋಲ ಮಾಡಿ ಒಂದು ರಾತ್ರಿ ಛಲದಂಕಮಲ್ಲನಾಗಬಹುದು. ಮೂಗು ಸೊಟ್ಟಗಿದೆ, ಹೊಟ್ಟೆ ಮುಂದಿದೆ ಎಂದು ಯಾರೂ ಅಡ್ಡ ಬರುವುದಿಲ್ಲ. ಕಾಸಿಲ್ಲದವನಿಗೆ ಬಾಗಿಲು ಕಾಯುವ ಪಾರ್ಟೇ ಗತಿ ಎಂಬುದೂ ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಮುಖಕ್ಕೆ ತಕ್ಕ ಪಾತ್ರ ಎಂಬ ಕಟ್ಟಳೆಯನ್ನು ಮುರಿದ ರಂಗ ಇದು.

ಮುರಿಯದೆ ಉಳಿದದ್ದು ಬಣ್ಣದ ಕಟ್ಟಳೆ. ನಾಟಕದ ಸಂಜೆ ಬಣ್ಣದ ಮನೆಗೆ ಹೋಗಿ ನೋಡಿ. ಬಿಸಿಲಲ್ಲಿ ಕಡಲೆಕಾಯಿ ಹೊಲ ಹಸನು ಮಾಡಿದ ಮುಖಗಳ ಮೇಲೆ ಗುಲಾಬಿ ಲೇಪ ಏರುತ್ತಿರುತ್ತದೆ. ಅರ್ಜುನ ಗುಲಾಬಿ, ಕರ್ಣ ಗುಲಾಬಿ, ಅಭಿಮನ್ಯು ಇನ್ನೂ ಒಂದು ಕೈ ಹೆಚ್ಚು. ಲೇಪ ಕತ್ತಿನ ಹತ್ತಿರ ನಿಂತುಬಿಡುತ್ತದೆ. ಕಂದಕ್ಕೆ ಕೈ ಎತ್ತಿದಾಗ ಮುಂಗೈ, ಕಿವಿಯ ಹಿಂಬದಿ ಊರಿನ ಬಣ್ಣದಲ್ಲೇ ಇರುತ್ತವೆ. ಕೃಷ್ಣನಿಗೆ ತಿಳಿನೀಲಿ, ಅದೂ ಕೆಳಗಿನ ಮೈ ಬೆಳ್ಳಗಿದ್ದರೇ ಒಪ್ಪುತ್ತದಂತೆ! ತೀರಾ ಕಪ್ಪಗಿದ್ದು ಕಂಠ ಚೆನ್ನಾಗಿರುವವನು ದುಡ್ಡು ಹಿಡಿದು ಬಂದರೂ ‘ನಿನಗೆ ಭೀಮ ಒಪ್ಪುತ್ತೆ ಕಣಪ್ಪ’ ಎನ್ನುತ್ತಾರೆ. ಶನಿಪ್ರಭಾವವಾದರೆ ಕೇಳುವುದೇ ಬೇಡ, ಶನಿ ಅವನಿಗೇ ಮೀಸಲು.

ಶನಿಯ ಪಾರ್ಟು ಚಿಕ್ಕದಲ್ಲ. ಶನೈಶ್ಚರನ ದೇವಸ್ಥಾನಕ್ಕೆ ಹೆಸರಾದ ಪಾವಗಡದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗ್ರಹಗಳಲ್ಲಿ ಯಾರು ಹೆಚ್ಚು ಎಂಬ ಚರ್ಚೆ ನಡೆದ ಸಭೆಯಲ್ಲಿ ರಾಜಾ ವಿಕ್ರಮ ಶನಿಯನ್ನು ಹಗುರವಾಗಿ ಆಡಿಕೊಳ್ಳುತ್ತಾನಲ್ಲ, ನಟನನ್ನು ಅಳೆಯುವ ಜಾಗ ಅದು. ಕಚ್ಚಾ ಪಾತ್ರಧಾರಿ ಅಲ್ಲೇ ಅಬ್ಬರಿಸಿ ಗಂಟಲು ಕೆಡಿಸಿಕೊಳ್ಳುತ್ತಾನೆ. ಪಳಗಿದವನು ಅಲುಗುವುದಿಲ್ಲ, ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದು, ತಗ್ಗಿದ ದನಿಯಲ್ಲಿ ಏಳೂವರೆ ವರ್ಷದ ಮಾತು ಆಡುತ್ತಾನೆ. ಗದ್ದಲ ಮಾಡುತ್ತಿದ್ದ ಹುಡುಗರೂ ತೆಪ್ಪಗಾಗುತ್ತಾರೆ. ಇಷ್ಟು ಕಸುಬು ಬಲ್ಲವನಿಗೆ ವಿಕ್ರಮನ ಪಾರ್ಟು ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಇದು ನಮ್ಮ ನಾಲ್ಕು ತಾಲ್ಲೂಕಿನ ಕಾಯಿಲೆ ಮಾತ್ರವಲ್ಲ. ‘ಗಾನ್ ವಿತ್ ದ ವಿಂಡ್’ ಚಿತ್ರದ ಮನೆಯಾಳು ಮ್ಯಾಮಿಯ ಪಾತ್ರಕ್ಕೆ 1940ರಲ್ಲಿ ಹ್ಯಾಟೀ ಮೆಕ್‌ಡ್ಯಾನಿಯಲ್ ಆಸ್ಕರ್ ಪಡೆದರು. ಕಪ್ಪು ಜನಾಂಗಕ್ಕೆ ಬಂದ ಮೊದಲ ಆಸ್ಕರ್ ಅದು. ಆ ರಾತ್ರಿಯೂ ಅವರನ್ನು ಕೂರಿಸಿದ್ದು ಚಿತ್ರತಂಡದವರ ಜೊತೆಗಲ್ಲ, ಗೋಡೆ ಪಕ್ಕದ ಬೇರೆ ಮೇಜಿನಲ್ಲಿ. ಪ್ರಶಸ್ತಿಯ ನಂತರವೂ ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ಮನೆಗೆಲಸದವಳ ಪಾತ್ರಗಳೇ.

ನಮ್ಮಲ್ಲೂ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ‘ಪರಮಾತ್ಮ’ದಂಥ ಸಿನಿಮಾಗಳಲ್ಲಿ ಕಾಣಿಸಿಕೊಂಡರು. ಅದಕ್ಕೂ ಹಿಂದೆ, ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸಿದ್ದಿಗಳಿಂದಲೇ ‘ಕಪ್ಪು ಜನ ಕೆಂಪು ನೆರಳು’ ಆಡಿಸಿದ್ದರು. ಆಧಾರ ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’. ಆ ಕಥೆಯಲ್ಲಿ ಜಟ್ಟಿ, ಮುಖಂಡ, ಪೂಜಾರಿ, ಸೋಮಾರಿ ಅಪ್ಪ ಎಲ್ಲರೂ ಒಂದೇ ಬಣ್ಣದವರು. ಹಾಗಾಗಿ ಅಲ್ಲಿ ಬಣ್ಣ ನೋಡಿ ಪಾತ್ರ ಹಂಚುವ ಪ್ರಶ್ನೆಯೇ ಇಲ್ಲ, ನಟನೆ ನೋಡಿಯೇ ಹಂಚಬೇಕು. ಪಾತ್ರ ಅಂಟಿಕೊಳ್ಳುವುದು ಹಂಚುವವನ ಕಣ್ಣಿಂದ, ನಟನ ಮೈಯಿಂದ ಅಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಂಚುವವನೇ ನಟನಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರಿದ್ದಾರೆ. 1934ರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿಯ ಯಜಮಾನ. ಬೇಕಿದ್ದರೆ ದಿನವೂ ಕಿರೀಟ ಇಟ್ಟುಕೊಳ್ಳಬಹುದಿತ್ತು. ಆದರೂ ‘ಸದಾರಮೆ’ ಎಂದರೆ ಜನ ನೆನೆಯುವುದು ಅವರ ಕಳ್ಳನ ಪಾತ್ರವನ್ನು. ಹಾಸ್ಯ ಅವರು ತಾವಾಗಿ ಆರಿಸಿಕೊಂಡ ಜಾಗ. ತಿಪಟೂರಿನ ನರಸಿಂಹರಾಜುಗೆ ಆ ಆಯ್ಕೆ ಇರಲಿಲ್ಲ. ಎಳೆಯ ವಯಸ್ಸಿಗೇ ನಾಟಕ ಕಂಪನಿ ಸೇರಿ ಹತ್ತಾರು ಬಗೆಯ ಪಾತ್ರ ಮಾಡಿದವರು, 1954ರ ‘ಬೇಡರ ಕಣ್ಣಪ್ಪ’ದ ನಂತರ ನಗಿಸುವುದಕ್ಕೇ ಮೀಸಲಾದರು. ಆ ಉಬ್ಬುಹಲ್ಲು ಕಂಡರೆ ಸಾಕು, ಮಾತಿಗೆ ಮುಂಚೆ ನಗು.

ಬೇಲಿ ದಾಟಿದವರು ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ. ರಂಗದ ಮೇಲೆ ದೇವನೂರರ ‘ಒಡಲಾಳ’ದ ಸಾಕವ್ವನಾಗಿ ಎದೆ ಕಲಕುತ್ತಿದ್ದ ನಟಿಗೆ ಸಿನಿಮಾ ವರ್ಷಗಟ್ಟಲೆ ಕೊಟ್ಟದ್ದು ದ್ವಂದ್ವಾರ್ಥದ ಹಾಸ್ಯ. ಅವರು ಅದನ್ನೂ ಅರೆಮನಸ್ಸಿನಿಂದ ಮಾಡಲಿಲ್ಲ, ಆ ಟೈಮಿಂಗ್ ಇವತ್ತಿಗೂ ಪಾಠ. ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಬಂದಾಗ ರಾಷ್ಟ್ರಪ್ರಶಸ್ತಿಯೂ ಬಂತು. ನಟಿ ಬದಲಾಗಿರಲಿಲ್ಲ, ಪಾತ್ರ ಕೊಡುವವರ ಕಣ್ಣು ಬದಲಾಗಿತ್ತು. ಮಂತ್ರಿಗಿರಿ ಮುಗಿಸಿಯೂ ಸುಮ್ಮನೆ ಕೂರದೆ ಜಂಬೆಯವರ ನಿರ್ದೇಶನದಲ್ಲಿ ‘ಶರ್ಮಿಷ್ಠೆ’ಯನ್ನು ಒಬ್ಬರೇ ಆಡಿದರು, 2025ರಲ್ಲಿ ಯಕ್ಷಗಾನದ ಮಂಥರೆಯೂ ಆದರು.

ನಮ್ಮ ಹಳ್ಳಿಯ ಕಲಾವಿದನಿಗೆ ಕಾಸರವಳ್ಳಿ ಸಿಗುವುದಿಲ್ಲ. ಅವನಿಗೆ ಸಿಗುವುದು ಊರಿನ ಮೇಷ್ಟ್ರು, ನಾಟಕ ಕಮಿಟಿ. ಆದ್ದರಿಂದ ಈ ಸಲದ ಪ್ರಾಕ್ಟೀಸಿಗೆ ಮುಂಚೆ ಅವರಲ್ಲೇ ನನ್ನ ಅರ್ಜಿ. ದುಡ್ಡಿನ ಲೆಕ್ಕ ನಿಮ್ಮ ಪದ್ಧತಿಯಂತೆಯೇ ನಡೆಯಲಿ. ಕಪ್ಪು ಹುಡುಗನೊಬ್ಬ ಕೃಷ್ಣನ ಪಾರ್ಟು ಕೇಳಿದರೆ ಮುಖ ನೋಡುವ ಮೊದಲು ಸಂಧಾನದ ಸೀನಿನ ಒಂದು ಹಾಡು ಹಾಡಿಸಿ ಕೇಳಿ. ಶ್ರುತಿ ಸೇರಿದರೆ ಪಾರ್ಟು ಅವನದು, ನೀಲಿಯ ಡಬ್ಬಿಯೂ ಬೇಡ. ಭಾರತದ ಕೃಷ್ಣ ಕಪ್ಪು, ಅರ್ಜುನ ಕಪ್ಪು, ದ್ರೌಪದಿಯೂ ಕಪ್ಪು. ಹಾಗೆಂದು ಹೇಳಿದ ವ್ಯಾಸನೂ ಕಪ್ಪೇ. ಕಮಿಟಿಯವರಿಗೆ ಇದಕ್ಕಿಂತ ದೊಡ್ಡ ಶಿಫಾರಸು ಎಲ್ಲಿಂದ ತರಲಿ?