ಟಿ.ಎಂ.ಸಿ. ಮತ್ತು ಬಿಂದಿಗೆ

ಹರಿಹರ ದಣ್ಣಾಯಕ 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವನ್ನು ನೋಡಲು ಬರುವವರಿಗೆ ನಮ್ಮ ಬಸರಾಳು ಹೊಯ್ಸಳರ ಊರು. ನಮಗಾದರೋ ಇದು ಮಂಡ್ಯ ಜಿಲ್ಲೆಯ ಊರು, ಎಂದರೆ, ಮಳೆಗಾಲದಲ್ಲಿ "ಕಟ್ಟೆ ಎಷ್ಟು ಅಡಿ?" ಎಂದು ಕೇಳಿದ ಮೇಲೆಯೇ ಕಾಫಿ ಕುಡಿಯುವ ಊರು. ಕಾವೇರಿಯ ಚರ್ಚೆ ನಡೆಯದ ಜಗುಲಿ ಇಲ್ಲಿಲ್ಲ. ಮೊದಲು ಪತ್ರಿಕೆ ಹಿಡಿದು ನಡೆಯುತ್ತಿತ್ತು, ಆಮೇಲೆ ಟಿ.ವಿ. ಮುಂದೆ, ಈಗ ಮೊಬೈಲು ಹಿಡಿದು. ಈ ಚರ್ಚೆಯನ್ನು ವರ್ಷಗಳಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತ ಬಂದಿದ್ದೇನೆ. ಅದರ ಕಾವಿನ ಬಗ್ಗೆ ನನ್ನ ತಕರಾರಿಲ್ಲ. ಅನ್ನದ ಮಾತಿಗೆ ಕಾವು ಬರಲೇಬೇಕು. ನನ್ನ ತಕರಾರು ಅದು ನಡೆಯುವ ರೀತಿಯ ಬಗ್ಗೆ.

ಮೊದಲನೆಯದು ಅಂಕಿಗಳ ಮಾತು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ನೂರು ಅಡಿ ಇದೆ ಎಂದು ಕೇಳಿದವರು ಇನ್ನೂ ಐದರಲ್ಲಿ ನಾಲ್ಕು ಪಾಲು ನೀರಿದೆ ಎಂದೇ ತಿಳಿಯುತ್ತಾರೆ. ಹಾಗಲ್ಲ. ಜಲಾಶಯವೆಂದರೆ ತಳ ಕಿರಿದಾಗಿ ಬಾಯಿ ಅಗಲವಾದ ಬೋಗುಣಿಯಂತೆ. ಮೇಲಿನ ಒಂದಂಗುಲದಲ್ಲಿ ಹಿಡಿಸುವಷ್ಟು ಪಾಯಸ ತಳದ ಒಂದಂಗುಲದಲ್ಲಿ ಹಿಡಿಸುವುದಿಲ್ಲ ಎಂಬುದು ಬಡಿಸಿ ಗೊತ್ತಿರುವ ಯಾವ ಹೆಂಗಸಿಗೂ ತಿಳಿದದ್ದೇ. ತುಂಬಿದಾಗ ಕಟ್ಟೆಯಲ್ಲಿ 49.45 ಟಿ.ಎಂ.ಸಿ. ನೀರಿರುತ್ತದೆ, ನೂರು ಅಡಿಗೆ ಇಳಿದಾಗ ಅದರಲ್ಲಿ ಅರ್ಧವೂ ಇರುವುದಿಲ್ಲ.

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. ನಮ್ಮ ಬಿಂದಿಗೆ 14 ಲೀಟರಿನದೆಂದರೆ, ಸೆಕೆಂಡಿಗೆ ಎರಡು ಬಿಂದಿಗೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 200 ಕೋಟಿ ಬಿಂದಿಗೆ. 2023ರ ಆಗಸ್ಟ್ ಕೊನೆಯಲ್ಲಿ ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್ ಬಿಡಬೇಕೆಂದು ಪ್ರಾಧಿಕಾರ ಹೇಳಿದಾಗ ಊರೆಲ್ಲ "ಐದು ಸಾವಿರ, ಐದು ಸಾವಿರ" ಎಂದು ಕೂಗಿತು. ಒಟ್ಟು ಎಷ್ಟಾಯಿತು ಎಂದು ಯಾರೂ ಕೂಡಿಸಲಿಲ್ಲ. ಸುಮಾರು ಆರೂವರೆ ಟಿ.ಎಂ.ಸಿ. ಬರಗಾಲದಲ್ಲಿ ಅದೇನೂ ಸಣ್ಣ ಮೊತ್ತವಲ್ಲ. ಆದರೆ ಮೊತ್ತ ಗೊತ್ತಿದ್ದವರು ವಾದಿಸುತ್ತಾರೆ, ಗೊತ್ತಿಲ್ಲದವರು ಕೂಗುತ್ತಾರೆ. ನಾನು ಕಾಗದದಲ್ಲಿ ಲೆಕ್ಕ ಹಾಕಿ ಜಗುಲಿಗೆ ತಂದಾಗ ನಮ್ಮ ಭಾವನವರು ನಕ್ಕು, "ಒಳಗೆ ಎಸರು ಉಕ್ತಾ ಅದೆ, ನೋಡೋಗವ್ವ" ಎಂದರು.

ಎರಡನೆಯದು, ಈ ಚರ್ಚೆಗೆ ಯಾವಾಗಲೂ ಒಬ್ಬ ಶತ್ರು ಬೇಕು. 1991ರ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳು ಕುಟುಂಬಗಳು ಮನೆ ಬಿಟ್ಟು ಓಡಬೇಕಾಯಿತು. 2016ರ ಸೆಪ್ಟೆಂಬರ್ 12ರಂದು ಅದೇ ನಗರದಲ್ಲಿ ಬಸ್ಸುಗಳು ಸುಟ್ಟುಹೋದವು. ಹಾಗೆ ಓಡಿದವರಲ್ಲಿ ಯಾರ ಮನೆಯ ಬಿಂದಿಗೆಗೂ ನಮ್ಮ ನಾಲೆಯ ನೀರು ಕದ್ದ ಅಪವಾದವಿರಲಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನಮ್ಮ ಪಾಲನ್ನು 284.75 ಟಿ.ಎಂ.ಸಿ. ಎಂದು ಗೊತ್ತುಮಾಡಿತು. ಸಾಧಾರಣ ಮಳೆಯ ವರ್ಷದಲ್ಲಿ ಆ ಲೆಕ್ಕ ನಡೆಯುತ್ತದೆ. ಜಗಳವೆಲ್ಲ ಮಳೆ ಕೈಕೊಟ್ಟ ವರ್ಷದ್ದು. ಆದರೆ ಅದನ್ನು ಕೂತು ಮಾತಾಡಲು ತಕ್ಕ ಕಾಲವಾದ ತುಂಬು ಮಳೆಗಾಲದಲ್ಲಿ ಜಗುಲಿಗಳು ಮೌನವಾಗಿರುತ್ತವೆ.

ಮೂರನೆಯದೇ ನನಗೆ ಹೆಚ್ಚು ನೋಯುವಂಥದು. ಎಷ್ಟು ನೀರು ಬರುತ್ತದೆ, ಎಷ್ಟು ಹೋಗುತ್ತದೆ ಎಂಬುದರ ಬಗ್ಗೆ ಮಾತಾಡುವವರು, ಬಂದ ನೀರು ಏನಾಗುತ್ತದೆ ಎಂದು ಕೇಳುವುದಿಲ್ಲ. ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ನೀರೇರುತ್ತದೆ. 2024ರ ಅಕ್ಟೋಬರಿನಲ್ಲಿ ಶುರುವಾದ ಐದನೆಯ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರು, ಐದೂವರೆ ಕೋಟಿ ಬಿಂದಿಗೆ. ನಗರದ ಸೋದರಿಯರಿಗೆ ನೀರು ಬೇಡವೆನ್ನುವಷ್ಟು ಕಲ್ಲುಮನಸ್ಸು ನನ್ನದಲ್ಲ. ಆದರೆ ಕಾರು ತೊಳೆಯುವ ನೀರೂ ಕಾವೇರಿಯದೇ ಎಂಬುದು ಚರ್ಚೆಯಲ್ಲಿ ಬರಬೇಡವೇ?

ನಮ್ಮ ಗದ್ದೆಯ ಮಾತೂ ಅಷ್ಟೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಶೈಲಜಾ ಹಿತ್ತಲಮನಿ ಅವರು, ಗದ್ದೆಯಲ್ಲಿ ನೀರು ನಿಲ್ಲಿಸದೆ ರಾಗಿಯಂತೆ ಬೆಳೆಯಬಹುದಾದ ಏರೋಬಿಕ್ ಭತ್ತವನ್ನು ರೂಪಿಸಿದರು. ನೀರು ಉಳಿಸುವ ತಂತ್ರಜ್ಞಾನ ಹೆಣ್ಣೊಬ್ಬಳ ಕೈಯಿಂದ ಬಂತೆಂದು ಹೆಮ್ಮೆಪಡೋಣ. ಜೊತೆಗೆ ಇನ್ನೊಂದನ್ನೂ ಯೋಚಿಸೋಣ. ಈ ಭತ್ತವನ್ನು ನೇರವಾಗಿ ಬಿತ್ತುತ್ತಾರೆ, ಪೈರು ಕಿತ್ತು ನಾಟಿ ಮಾಡುವುದಿಲ್ಲ. ಬಗ್ಗಿ ಬಗ್ಗಿ ಸೊಂಟ ನೋಯುವ ಕೆಲಸ ತಪ್ಪಿತು ಎಂದು ಒಂದು ಮನಸ್ಸು ಹಿಗ್ಗುತ್ತದೆ. ನಾಟಿಯ ಕೂಲಿಯಲ್ಲೇ ಮಕ್ಕಳ ಸ್ಕೂಲು ಫೀಜು ಕಟ್ಟುವವರ ಗತಿಯೇನು ಎಂದು ಇನ್ನೊಂದು ಮನಸ್ಸು ಕೇಳುತ್ತದೆ. ತಂತ್ರಜ್ಞಾನ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಈ ಎರಡು ಮನಸ್ಸನ್ನೂ ಕೇಳಬೇಕು. ನಾಟಿ ಮಾಡುವವರು ಕೂರದ ಜಗುಲಿಯಲ್ಲಿ ಅದು ಹೇಗೆ ಸಾಧ್ಯ?

ಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಕೊಡುತ್ತಾರೆ. ಬಾಗಿನವೆಂದರೆ ಗೌರಿಹಬ್ಬದಲ್ಲಿ ಮೊರ, ಅರಿಸಿನ, ಕುಂಕುಮ, ಬಳೆ ಇಟ್ಟು ಹೆಂಗಸು ಹೆಂಗಸಿಗೆ ಕೊಡುವ ವಸ್ತು. ನಮ್ಮ ಆಚಾರವನ್ನು ಕಟ್ಟೆಯ ಮೇಲಕ್ಕೆ ಕೊಂಡೊಯ್ದಿದ್ದಾರೆ, ಸಂತೋಷ. ನಮ್ಮ ಮಾತನ್ನೂ ಜಗುಲಿಯವರೆಗಾದರೂ ಕೊಂಡೊಯ್ಯಬೇಕು. ಅವರಾಗಿ ಕರೆಯುವುದಿಲ್ಲ, ನಾವೇ ಹೋಗಿ ಕೂರಬೇಕು. ಅಡಿಯ ಮಾತು ಬಂದಾಗ ಟಿ.ಎಂ.ಸಿ. ಎಷ್ಟೆಂದು ಕೇಳೋಣ. ಟಿ.ಎಂ.ಸಿ. ಹೇಳಿದರೆ, ಅದರಲ್ಲಿ ಯಾವ ಬೆಳೆಗೆಷ್ಟು, ಯಾವ ಊರಿಗೆಷ್ಟು ಎಂದು ಕೇಳೋಣ. ಅಷ್ಟು ಹೊತ್ತು ಒಲೆಯ ಮೇಲಿನ ಎಸರನ್ನು ಮನೆಯ ಬೇರೆ ಯಾರಾದರೂ ನೋಡಿಕೊಳ್ಳಲಿ.