ಪೆಟ್ಟಿಗೆಯ ನಾಣ್ಯ, ಅಂಗೈಯ ನಾಣ್ಯ

ನಾಣ್ಯ ಕೂಡಿಡುವ ಹವ್ಯಾಸಿಗಳು ಸರ್ಕಾರದ ಮೇಲೆ ಒತ್ತಡ ತರಬಹುದೆ? ಇಂಥವರ ಮುಖ ಹಾಕಿ, ಹೊಸ ಚಿತ್ರ ತನ್ನಿ, ಹಳೆಯ ಆಕಾರ ಮರಳಿಸಿ ಎಂದು ದೇಶದ ಹಣವನ್ನೇ ಬದಲಿಸಲು ಕೇಳಬಹುದೆ? ಈ ಪ್ರಶ್ನೆ ಎತ್ತಿದರೆ ನಮ್ಮ ಗೆಳೆಯರಲ್ಲಿ ಬಹಳ ಜನ ನಗುತ್ತಾರೆ. ಹೊಟ್ಟೆ ತುಂಬಿದವರ ಶೋಕಿ ಕಣಯ್ಯ, ಅದಕ್ಕೂ ನಮಗೂ ಏನು ಅಂತಾರೆ. ಈ ನಗು ನನಗೆ ಒಪ್ಪಿಗೆಯಿಲ್ಲ. ಒಂದು ಕವಿತೆಯಲ್ಲಿ ಯಾರ ಬದುಕು ಬಂತು, ಯಾರದು ಬರಲಿಲ್ಲ ಅಂತ ಪದಪದ ಬಿಡಿಸಿ ಕೇಳುವ ನಾವು, ದಿನಕ್ಕೆ ಹತ್ತು ಸಲ ಕೈಗೆ ಬರುವ ನಾಣ್ಯವನ್ನು ಓದದೆ ಬಿಡುವುದು ಹೇಗೆ? ಪುಸ್ತಕ ಮುಟ್ಟದ ಕೈಗಳು ಈ ದೇಶದಲ್ಲಿ ಲಕ್ಷ ಲಕ್ಷ ಇವೆ. ಅವೂ ನಾಣ್ಯ ಮುಟ್ಟುತ್ತವೆ. ಪ್ರಭುತ್ವ ತಾನೇ ಬರೆದು ಬಡವರ ಅಂಗೈವರೆಗೆ ತಲುಪಿಸುವ ಬರಹ ಅದು. ಅದನ್ನು ತಿದ್ದಿ ಅಂತ ಯಾರು ಕೇಳುತ್ತಾರೆ, ಯಾರ ಮಾತು ನಡೆಯುತ್ತದೆ ಎನ್ನುವುದು ವಿಮರ್ಶೆಯ ಪ್ರಶ್ನೆಯೇ.

ಸಂಗ್ರಾಹಕರ ಮಾತು ನಡೆದ ದೊಡ್ಡ ಉದಾಹರಣೆ ಅಮೆರಿಕದ್ದು. 1990ರ ದಶಕದಲ್ಲಿ ಅಲ್ಲಿ ಸ್ಮಾರಕ ನಾಣ್ಯಗಳ ಸುಗ್ಗಿ. ಒಂದೊಂದು ಉತ್ಸವಕ್ಕೂ ಒಂದೊಂದು ನಾಣ್ಯ; ಮುಖಬೆಲೆಗಿಂತ ಎಷ್ಟೋ ಪಟ್ಟು ಮಾರಾಟದ ಬೆಲೆ; ಅದರೊಳಗೆ ಯಾವುದೋ ಸಂಸ್ಥೆಗೆ ಹೋಗುವ ವಂತಿಗೆ ಬೇರೆ. ಇದರಿಂದ ಬೇಸತ್ತ ಸಂಗ್ರಾಹಕರಲ್ಲಿ ಡೇವಿಡ್ ಗ್ಯಾಂಜ್ ಒಬ್ಬರು. ಅಮೆರಿಕದ ನಾಣ್ಯಶಾಸ್ತ್ರ ಸಂಘಕ್ಕೆ ಅಧ್ಯಕ್ಷರಾಗಿದ್ದವರು, ಸರ್ಕಾರದ ಸಲಹಾ ಸಮಿತಿಯಲ್ಲೂ ಇದ್ದವರು. ಮಾರಾಟಕ್ಕೆ ಹೊಡೆಯುವ ನಾಣ್ಯ ಸಾಕು, ಸಂತೆಯಲ್ಲಿ ಓಡಾಡುವ ನಾಣ್ಯದಲ್ಲೇ ಹೊಸ ಚಿತ್ರ ತನ್ನಿ, ಮುಖಬೆಲೆಗೇ ಎಲ್ಲರಿಗೂ ಸಿಗಲಿ ಎಂದು ಇವರು ಪಟ್ಟು ಹಿಡಿದರು. 1995ರಲ್ಲಿ ಸಂಸತ್ತಿನ ಉಪಸಮಿತಿಯ ಮುಂದೆ ವಿಚಾರಣೆ ನಡೆಯಿತು. 1997ರಲ್ಲಿ ಕಾಯಿದೆ ಆಯಿತು. 1999ರಿಂದ 2008ರವರೆಗೆ ವರ್ಷಕ್ಕೆ ಐದು ರಾಜ್ಯಗಳಂತೆ 50 ರಾಜ್ಯಗಳ ಹೆಸರಿನಲ್ಲಿ 25 ಸೆಂಟಿನ ನಾಣ್ಯ ಹೊರಬಂತು.

ಇಲ್ಲಿ ಸಂಗ್ರಾಹಕರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಅವರು ಕೇಳಿದ್ದರಿಂದ ನಾಣ್ಯದ ಗಾತ್ರ ಬದಲಾಗಲಿಲ್ಲ, ತೂಕ ಬದಲಾಗಲಿಲ್ಲ, ಅಂಚು ಬದಲಾಗಲಿಲ್ಲ. ಹಿಂಬದಿಯ ಚಿತ್ರ ಮಾತ್ರ ಬದಲಾಯಿತು. ಕಾಫಿಗೆ ಆ ಕಾಸು ಕೊಡುವ ಕೂಲಿಯವನು ಏನನ್ನೂ ಕಳೆದುಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿದ್ದುದನ್ನು ಬೀದಿಗೆ ತನ್ನಿ ಎಂಬ ಬೇಡಿಕೆ ನ್ಯಾಯವಾದದ್ದು.

ಆದರೆ ಪಕ್ಕದಲ್ಲೇ ಇನ್ನೊಂದು ಕತೆ ಇದೆ. ಅಮೆರಿಕದಲ್ಲಿ ಒಂದು ಡಾಲರಿನ ನೋಟೂ ನೂರು ಡಾಲರಿನ ನೋಟೂ ಒಂದೇ ಅಳತೆ. ಕಣ್ಣು ಕಾಣದವರು ಅವನ್ನು ಮುಟ್ಟಿ ಗುರುತಿಸಲಾರರು. ಅಂಧರ ಸಂಘಟನೆ 2002ರಲ್ಲಿ ಕೋರ್ಟಿಗೆ ಹೋಯಿತು. ಇದು ತಾರತಮ್ಯವೇ ಎಂದು 2008ರಲ್ಲಿ ಮೇಲಿನ ಕೋರ್ಟು ಹೇಳಿತು. 2025ರ ಕೊನೆಗೂ ಮುಟ್ಟಿ ಗುರುತಿಸುವ ನೋಟು ಅವರ ಕೈಗೆ ಬಂದಿರಲಿಲ್ಲ. ಚಿತ್ರ ಬೇಕು ಅಂದವರಿಗೆ ನಾಲ್ಕು ವರ್ಷದಲ್ಲಿ ನಾಣ್ಯ ಸಿಕ್ಕಿತು. ಬದುಕಲು ಬೇಕು ಅಂದವರಿಗೆ ಗೆದ್ದ ಮೇಲೂ ಸಿಗಲಿಲ್ಲ. ಸಂಗ್ರಾಹಕರು ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆಳುವವರ ಕಿವಿ ಯಾವ ಕಡೆಗೆ ಬೇಗ ತಿರುಗುತ್ತದೆ ಅಂತ ಹೇಳುತ್ತಿದ್ದೇನೆ.

ಹ್ಯಾರಿಯೆಟ್ ಟಬ್ಮನ್ ವಿಷಯವೂ ಹಾಗೇ. ಗುಲಾಮಳಾಗಿ ಹುಟ್ಟಿ, ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ತನ್ನವರನ್ನು ಬಿಡಿಸಿ ತಂದ ಕರಿಯ ಹೆಂಗಸು ಅವಳು. 20 ಡಾಲರಿನ ನೋಟಿನ ಮೇಲೆ ಅವಳ ಮುಖ ಬರಲಿ ಎಂದು 2015ರಲ್ಲಿ ಹೆಂಗಸರು ಚಳವಳಿ ಮಾಡಿದರು. 2016ರಲ್ಲಿ ಸರ್ಕಾರ ಹೂಂ ಅಂದಿತು. ಆ ನೋಟಿನ ಮೇಲಿದ್ದದ್ದು ಆಂಡ್ರೂ ಜಾಕ್ಸನ್, ಗುಲಾಮರನ್ನು ಇಟ್ಟುಕೊಂಡಿದ್ದ ಅಧ್ಯಕ್ಷ. 2025 ಮುಗಿದರೂ ನೋಟು ಬದಲಾಗಲಿಲ್ಲ. ಆದರೆ 2024ರಲ್ಲಿ ಟಬ್ಮನ್ ಮುಖದ ಚಿನ್ನದ ನಾಣ್ಯ, ಬೆಳ್ಳಿಯ ನಾಣ್ಯ, ಅರ್ಧ ಡಾಲರಿನ ನಾಣ್ಯ ಹೊರಬಂದವು. ಸಂಗ್ರಾಹಕರಿಗೆ ಮಾರಲು! ಬೀದಿಯಲ್ಲಿ ಯಜಮಾನನ ಮುಖ, ಪೆಟ್ಟಿಗೆಯಲ್ಲಿ ಗುಲಾಮಳ ಮುಖ. ಬೇಡಿಕೆಯನ್ನು ಸುಮ್ಮನಿರಿಸಲು ಮನ್ನಣೆಯನ್ನು ಮಖಮಲ್ಲಿನ ಡಬ್ಬಿಗೆ ಹಾಕಿ ಕೊಡುವ ಜಾಣತನ ಇದು.

ಈ ಜಾಣತನ ನಮಗೆ ಹೊಸದೇನಲ್ಲ. ಬಾಬಾಸಾಹೇಬರ ನೂರನೆಯ ವರ್ಷಕ್ಕೆ 1990ರಲ್ಲಿ ಬಂದ ಒಂದು ರೂಪಾಯಿ ಜನರ ನಡುವೆ ಓಡಾಡಿತು. 125ನೆಯ ವರ್ಷಕ್ಕೆ, 2015ರ ಡಿಸೆಂಬರ್ 6ರಂದು, ಎರಡು ನಾಣ್ಯ ಬಿಡುಗಡೆಯಾದವು. ಒಂದು 125 ರೂಪಾಯಿಯದು. ಅದು ಯಾವ ಸಂತೆಗೂ ಬರುವಂಥದ್ದಲ್ಲ. ಇನ್ನೊಂದು ಹತ್ತು ರೂಪಾಯಿಯದು, ಚಲಾವಣೆಗೆ. ಈ ಹತ್ತರ ನಾಣ್ಯದ ಗತಿ ಏನಾಯಿತು?

ಹತ್ತು ರೂಪಾಯಿ ನಾಣ್ಯಕ್ಕೆ 2009ರಿಂದ ಒಂದರ ಹಿಂದೊಂದು ಹೊಸ ಚಿತ್ರ ಬಂತು: ಹೋಮಿ ಭಾಭಾ, ರಿಸರ್ವ್ ಬ್ಯಾಂಕಿನ ಉತ್ಸವ, ಸಂಸತ್ತು, ವೈಷ್ಣೋದೇವಿ, ತೆಂಗಿನ ನಾರಿನ ಮಂಡಳಿ, ಯೋಗ ದಿನ. ಇದರ ನಡುವೆ ಗಾಳಿಮಾತು ಎದ್ದಿತು. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ, ಹದಿನೈದು ಗೆರೆ ಇದ್ದರೆ ಖೋಟಾ, ಹತ್ತು ಗೆರೆ ಇದ್ದರೆ ಮಾತ್ರ ಸಾಚಾ ಅಂತ. ಊರೂರಲ್ಲಿ ಅಂಗಡಿಯವರು ಹತ್ತರ ನಾಣ್ಯವನ್ನೇ ಬೇಡ ಅಂದರು. ನಮ್ಮವ್ವ ಸಂತೆಯಲ್ಲಿ ಸೊಪ್ಪು ಮಾರುತ್ತಾಳೆ. ಕೊಳ್ಳುವವರು ಕೊಟ್ಟ ನಾಣ್ಯವನ್ನು ಅವಳು ಬೇಡ ಅನ್ನಲಾರಳು, ಅಂದರೆ ಸೊಪ್ಪು ಬಾಡುತ್ತದೆ. ಅದೇ ನಾಣ್ಯ ಕೊಟ್ಟು ಎಣ್ಣೆ ಕೇಳಿದರೆ, 'ಇದು ನಡೆಯಲ್ಲ ಕಣಮ್ಮ, ನೋಟಿದ್ರೆ ಕೊಡು' ಅನ್ನುವ ಮಾತು. ಹದಿನಾಲ್ಕು ವಿನ್ಯಾಸಗಳೂ ಸಾಚಾ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಪಟ್ಟಿ ಕೊಟ್ಟು ಹೇಳಿತು. ಆ ಪಟ್ಟಿಯಲ್ಲಿ ಅಂಬೇಡ್ಕರ್ ನಾಣ್ಯವೂ ಇತ್ತು. ಅಂದರೆ ಸಂವಿಧಾನ ಬರೆದವರ ಮುಖ ಹೊತ್ತ ಹಣವೂ ಎಣ್ಣೆ ಅಂಗಡಿಯ ಕಟ್ಟೆಯ ಮೇಲೆ ನಿಂತು ತನ್ನ ಸಾಚಾತನ ಸಾಬೀತು ಮಾಡಬೇಕಾಯಿತು!

2011ರ ನಾಣ್ಯ ಕಾಯಿದೆ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ಸಾವಿರ ರೂಪಾಯಿವರೆಗಿನ ಪಾವತಿಗೆ ಕಾನೂನುಬದ್ಧ. ಅವ್ವನ ಪಾಲಿಗೆ ಮಾತ್ರ ಅಂಗಡಿಯವನು ತಲೆಯಾಡಿಸಿದರಷ್ಟೇ ಅದು ದುಡ್ಡು. ಅಮೆರಿಕದಲ್ಲಿ 50 ಚಿತ್ರ ಬಂದರೂ ನಾಣ್ಯ ನಡೆಯಿತು, ಇಲ್ಲಿ 14ಕ್ಕೇ ನಿಂತಿತು. ಅಲ್ಲಿ ಪ್ರತಿ ಚಿತ್ರ ಬರುವ ಮೊದಲೇ ಡಂಗುರ ಹೊಡೆದರು. ಇಲ್ಲಿ ನಾಣ್ಯ ಬಂದು, ಗಾಳಿಮಾತು ಬಂದು, ಬಡವರ ಕಾಸು ಸೆರಗಿನ ಗಂಟಿನಲ್ಲೇ ಕೊಳೆತ ಮೇಲೆ ಪ್ರಕಟಣೆ ಬಂತು. ಸಂಗ್ರಾಹಕನಿಗೆ ಹದಿನೈದನೆಯ ಚಿತ್ರ ಒಂದು ಹಬ್ಬ. ಸೊಪ್ಪಿನವಳಿಗೆ ಅದು ಇನ್ನೊಂದು ಜಗಳ.

ಬಾಬಾಸಾಹೇಬರು ರೂಪಾಯಿಯ ಮೇಲೆ ತಮ್ಮ ಮುಖ ಬರಲಿ ಅಂತ ಕೇಳಿದವರಲ್ಲ. ರೂಪಾಯಿಯನ್ನೇ ಪ್ರಶ್ನಿಸಿದವರು. 1923ರಲ್ಲಿ ಅದರ ಮೇಲೆ ಇಡೀ ಒಂದು ಪುಸ್ತಕ ಬರೆದರು. 1925ರಲ್ಲಿ ಬ್ರಿಟಿಷ್ ಸರ್ಕಾರದ ರಾಯಲ್ ಕಮಿಷನ್ ಮುಂದೆ ಸಾಕ್ಷಿ ನುಡಿದರು. ಆಗಲೂ ಹಣ ಬದಲಿಸಿ ಅಂತ ಒತ್ತಡ ತರುವವರಿದ್ದರು, ದೊಡ್ಡ ವ್ಯಾಪಾರದವರು. ರೂಪಾಯಿಯ ಬೆಲೆ ಇಳಿದರೆ ಅವರಿಗೆ ಲಾಭ. ಆದರೆ ರೂಪಾಯಿ ಇಳಿದಾಗ ಸಾಮಾನಿನ ಬೆಲೆ ಏರುತ್ತದೆ, ಕೂಲಿ ಅಷ್ಟು ಬೇಗ ಏರುವುದಿಲ್ಲ. ಒಬ್ಬರ ಲಾಭ ಇನ್ನೊಬ್ಬರ ಹೊಟ್ಟೆಯಿಂದ ಬಂದದ್ದು ಎಂದು ಅವರು ತೋರಿಸಿಕೊಟ್ಟರು. ಹಣದ ಬಗ್ಗೆ ಯಾರೇ ಮನವಿ ಹಿಡಿದು ಬರಲಿ, ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಮೊದಲು ಕೇಳುವುದನ್ನು ನಾವು ಅವರಿಂದಲೇ ಕಲಿಯಬೇಕು.

ಹಾಗಾದರೆ ಸಂಗ್ರಾಹಕರು ಬಾಯಿ ಮುಚ್ಚಿಕೊಂಡಿರಬೇಕೆ? ಖಂಡಿತ ಬೇಡ. ಅವರ ಪೆಟ್ಟಿಗೆಯಲ್ಲಿ ಆಳುವವರು ಮರೆತ ಒಂದು ವಿದ್ಯೆ ಇದೆ. ಐದು ಪೈಸೆ ಚೌಕ. ಹತ್ತು ಪೈಸೆಗೆ ಹೂವಿನ ಎಸಳಿನಂಥ ಅಂಚು. ಮೂರು ಪೈಸೆ, ಇಪ್ಪತ್ತು ಪೈಸೆಗೆ ಆರು ಮೂಲೆ. 1990ರ ದಶಕದ ಎರಡು ರೂಪಾಯಿಗೆ ಹನ್ನೊಂದು ಮೂಲೆ. ಓದು ಬಾರದ ಅಜ್ಜಿಯೂ ಕಣ್ಣು ಕಾಣದ ತಾತನೂ ಬೆರಳಲ್ಲೇ ಓದಬಲ್ಲ ಲಿಪಿ ಅದು. 2005ರ ನಂತರ ಬಂದ ಸ್ಟೀಲಿನ ದುಂಡನೆ ಎರಡು ರೂಪಾಯಿ ಹೆಚ್ಚುಕಮ್ಮಿ ಒಂದು ರೂಪಾಯಿಯ ಥರವೇ ಆಗಿ ಆ ಲಿಪಿ ಅಳಿಸಿತು. 2007ರ ನಾಣ್ಯಗಳಲ್ಲಿ ಒಂದಕ್ಕೆ ಎತ್ತಿದ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು ಇದ್ದವು. 2011ರ ಹೊಸ ಸಾಲಿನಲ್ಲಿ ಅವೂ ಹೋದವು. ಅಂಧರಿಗೆ ಅನುಕೂಲವಾಗಲಿ ಎಂದು ಹೊಸ ಸಾಲಿನ ನಾಣ್ಯ ಬಿಡುಗಡೆಯಾದದ್ದು 2019ರಲ್ಲಿ. ಅದರಲ್ಲಿ ಇಪ್ಪತ್ತು ರೂಪಾಯಿಗೆ ಹನ್ನೆರಡು ಮೂಲೆ. ಯಾವುದು ಯಾವಾಗ ಕಳೆಯಿತು ಅಂತ ದಾಖಲೆ ಸಮೇತ ಹೇಳಬಲ್ಲವರು ಸಂಗ್ರಾಹಕರೇ. ಆ ಅರಿವನ್ನು ಇನ್ನೊಂದು ಮಹಾಪುರುಷನ ಚಿತ್ರಕ್ಕಾಗಿ ಖರ್ಚು ಮಾಡುವ ಬದಲು ಬೆರಳ ಲಿಪಿಗಾಗಿ ಖರ್ಚು ಮಾಡಲಿ.

ನಾಣ್ಯ ಕೂಡಿಡುವವನು ಅದನ್ನು ಓಡಾಟದಿಂದ ಹಿಂದಕ್ಕೆ ತೆಗೆಯುತ್ತಾನೆ. ಅದನ್ನೇ ನಂಬಿ ಬದುಕುವವನಿಗೆ ಅದು ಓಡಾಡಲೇಬೇಕು. ಈ ಎರಡರಲ್ಲಿ ಎರಡನೆಯದೇ ಮೊದಲು. ಆದ್ದರಿಂದ ಸಂಗ್ರಾಹಕರ ಮನವಿಗೆ ನಾವು ಮೂರು ಷರತ್ತು ಹಾಕೋಣ: ಕೇಳಿದ್ದು ಚಲಾವಣೆಯ ನಾಣ್ಯಕ್ಕೆ ಇರಲಿ, ಡಬ್ಬಿಯ ನಾಣ್ಯಕ್ಕಲ್ಲ, ಮುಟ್ಟಿದರೆ ಗುರುತು ಸಿಗುವುದು ಕೆಡದಿರಲಿ, ಹೊಸತು ಬರುವ ಮೊದಲು ಸಂತೆಗೆ, ಬಸ್ಸಿಗೆ, ರೇಷನ್ ಅಂಗಡಿಗೆ ಸುದ್ದಿ ತಲುಪಲಿ. ಇದಕ್ಕೆ ಒಪ್ಪಿದರೆ ಅವರ ಅರ್ಜಿಗೆ ನಮ್ಮ ಸಹಿಯೂ ಇರಲಿ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಹತ್ತಿರದಲ್ಲಿ ನಾಣ್ಯ ಕೂಡಿಟ್ಟವರಿದ್ದರೆ ಒಂದು ದಿನ ತರಗತಿಗೆ ಕರೆಯಿರಿ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಹಳೆಯದನ್ನೂ ಹೊಸದನ್ನೂ ಕೈಗೆ ಕೊಟ್ಟು, ಎಷ್ಟರದು ಹೇಳಿ ಅನ್ನಿ. ಯಾವ ನಾಣ್ಯದ ಹತ್ತಿರ ಮಕ್ಕಳು ತಡವರಿಸುತ್ತಾರೋ ಅದರ ಹೆಸರು ಬರೆದು, ಕಾರಣ ಬರೆದು, ರಿಸರ್ವ್ ಬ್ಯಾಂಕಿಗೂ ಹಣಕಾಸು ಮಂತ್ರಿಗೂ ಒಂದೊಂದು ಕಾಗದ ಹಾಕಿಸಿ. ಹಣದ ಬಗ್ಗೆ ಮನವಿ ಬರೆಯುವ ಹಕ್ಕು ಪೆಟ್ಟಿಗೆ ಇದ್ದವರಿಗೆ ಮಾತ್ರ ಇಲ್ಲ ಅನ್ನುವುದು ಆ ಮಕ್ಕಳಿಗಾದರೂ ಗೊತ್ತಾಗಲಿ.